ಮಾವನವರ ದನಿ ಮತ್ತು ದೋಣಿಯ ಬೆಲ್ಟು

ನೀರಿಲ್ಲದ ಊರಿನವನಿಗೆ ದೋಣಿಯ ಹುಚ್ಚು ಹಿಡಿಯಬಾರದು. ಹಿಡಿದರೂ ಅದು ಹೆಂಡತಿಯ ತವರಿನಿಂದ ಬಂದ ಸಾಮಾನಿನವರೆಗೆ ಕೈ ಚಾಚಬಾರದು. ಈ ಎರಡು ತಪ್ಪನ್ನೂ ಮಾಡಿದವನು ನಾನು. ಮೊದಲನೆಯದನ್ನು ಊರು ಕ್ಷಮಿಸಿತು. ಎಂಬತ್ತರ ದಶಕದ ಮೊದಲ ವರ್ಷಗಳು. ಆಗ ಕೋಲಾರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ನಮ್ಮ ಬೀದಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು. ಹೆಂಡತಿ ಸರೋಜ ಕೊಡ ಹೊತ್ತು ತುಂಬಿಸಿದ ತೊಟ್ಟಿಯಲ್ಲಿ ನಾನು ಮೊಳದುದ್ದದ ದೋಣಿ ಬಿಟ್ಟು ನೋಡುತ್ತಿದ್ದೆ. "ಅನ್ನಕ್ಕಿಡೋ ನೀರಲ್ಲಿ ಗ್ರೀಸು ತೇಲ್ತಾ ಇದೆಯಲ್ರೀ" ಎನ್ನುತ್ತಿದ್ದಳು. ನಾನು ಅದನ್ನು ಬಟ್ಟೆಯಿಂದ ಒರೆಸಿ, ವಿಜ್ಞಾನಕ್ಕೆ ಇಂಥ ಅಡ್ಡಿಗಳು ಇದ್ದದ್ದೇ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ನಮ್ಮದು ನಾಲ್ಕೈದು ಜನರ ಪುಟ್ಟ ಗುಂಪು. ಮಳೆಗಾಲ ಮುಗಿದ ಮೇಲೆ ಮಾಲೂರಿನ ಇಟ್ಟಿಗೆಗೂಡಿನವರು ಮಣ್ಣು ತೆಗೆದ ಹಳ್ಳದಲ್ಲಿ ಕೆಂಪು ನೀರು ನಿಲ್ಲುತ್ತಿತ್ತು. ಅದೇ ನಮ್ಮ ಸಮುದ್ರ. ವರ್ಷಕ್ಕೊಂದು ಭಾನುವಾರ ಅಲ್ಲೇ ಪಂದ್ಯ. ಪ್ರತಿ ಸಲ ಗೆಲ್ಲುತ್ತಿದ್ದವನು ಮಾಲೂರಿನ ವೆಂಕಟಸ್ವಾಮಿ. ದಿನಾ ರೈಲಿನಲ್ಲಿ ಬೆಂಗಳೂರಿನ ಕಾರ್ಖಾನೆಗೆ ಹೋಗಿಬರುತ್ತಿದ್ದವನು, ಬೇಕಾದ ಹಲ್ಲುಚಕ್ರವನ್ನು ಲೇಥಿನಲ್ಲಿ ಕಡೆದುಕೊಂಡು ಬರುತ್ತಿದ್ದ. ನನಗೆಲ್ಲಿಯ ಲೇಥು? ದೋಣಿಯ ಹಿಂಬದಿಗೆ ಒಂದು ತಗಡಿನ ಕಾಲು ಇಳಿಬಿಟ್ಟೆ. ಅದರ ತುದಿಯಲ್ಲಿ, ನೀರೊಳಗೆ, ಬೆರಳಗಲದ ಫ್ಯಾನು. ಕಾಲಿನ ತಲೆಯ ಮೇಲೆ, ನೀರು ಸೋಕದಂತೆ, ಬ್ಯಾಟರಿಯ ಮೋಟಾರು. ಮೇಲಿನ ಮೋಟಾರಿನಿಂದ ಕೆಳಗಿನ ಫ್ಯಾನಿಗೆ ತಿರುಗುವ ಶಕ್ತಿ ಇಳಿಯಬೇಕಾದರೆ ನಡುವೆ ಒಂದು ಬೆಲ್ಟು ಬೇಕು. ನನ್ನ ಬದುಕು ಹಾಳಾದದ್ದು ಆ ಬೆಲ್ಟಿನಲ್ಲಿ.

ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಹಾಕಿದೆ, ಒದ್ದೆಯಾದೊಡನೆ ಜಾರಿತು. ಹುತ್ತೂರಿನಲ್ಲಿ ರೇಷ್ಮೆ ಬಿಚ್ಚುವವರ ರಾಟೆಯ ಹುರಿ ಬೇಡಿ ತಂದೆ. ನೀರು ಕುಡಿದು ಬಿಗಿದುಕೊಂಡು ಮೋಟಾರಿನ ಕುತ್ತಿಗೆಯನ್ನೇ ಹಿಸುಕಿತು. ಕೊನೆಗೆ ರೇಡಿಯೋ ರಿಪೇರಿಯ ಬಾಷಾ ಹೇಳಿದ, "ಟೇಪ್ ರೆಕಾರ್ಡರ್ ಬೆಲ್ಟ್ ಹಾಕಿದ್ರೆ ಬೆಣ್ಣೆ ಥರ ತಿರುಗುತ್ತೆ ಸಾರ್. ಆದ್ರೆ ನನ್ನ ಹತ್ರ ಇಲ್ಲ, ಬೆಂಗಳೂರಿಂದಾನೇ ತರಬೇಕು." ಮಾತಿನ ಮೊದಲರ್ಧ ಮಾತ್ರ ನನ್ನ ಕಿವಿಗೆ ಬಿತ್ತು.

ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಮುಳಬಾಗಿಲಿನ ನಮ್ಮ ಮಾವನವರು ಮಗಳಿಗೆ ಕೊಟ್ಟದ್ದು. ಅವರು ಮಹಾ ಅವಸರದ ಮನುಷ್ಯ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿದು, ಕೇಳುವವರು 'ಹೂಂ' ಎನ್ನುವಷ್ಟರಲ್ಲಿ ಅವರು ಬಸ್‌ಸ್ಟ್ಯಾಂಡಿನಲ್ಲಿರುತ್ತಿದ್ದರು. ಆ ಪೆಟ್ಟಿಗೆ ತಂದ ದಿನ ಅದರ ಮುಂದೆ ಕೂತು ಕ್ಯಾಸೆಟ್ಟಿನಲ್ಲಿ ಮಾತಾಡಿದ್ದರು: "ಏಮಮ್ಮಾ ಸರೋಜಾ, ಬೀಳ್ತಾ ಇದೆಯಾ ನನ್ನ ಮಾತು ಇದರೊಳಗೆ? ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮಮ್ಮನ್ನ ನೋಡ್ಕೋ. ಇದನ್ನ ಅಳಿಯಂದ್ರ ಕೈಗೆ ಮಾತ್ರ ಕೊಡಬೇಡಮ್ಮಾ, ಬಿಚ್ಚಿಹಾಕ್ತಾರೆ. ನಾನು ಬರ್ತೀನಿ, ಬಸ್ಸು ಹೊರಟೋಗುತ್ತೆ." ಅಷ್ಟೆ. ಮರುವರ್ಷ ಅವರು ತೀರಿಕೊಂಡರು. ಪ್ರತಿ ತಿಥಿಯ ದಿನ ಎಲೆ ಹಾಕುವ ಮೊದಲು ತಾಯಿ ಮಗಳು ಆ ಕ್ಯಾಸೆಟ್ ಕೇಳುತ್ತಿದ್ದರು. ನನ್ನ ಕುರಿತ ವಾಕ್ಯ ಬರುವ ಹೊತ್ತಿಗೆ ಸರಿಯಾಗಿ ನಾನೊಂದು ಸಲ ಕೆಮ್ಮುತ್ತಿದ್ದೆ. ಅವರ ವೇಗಕ್ಕೆ ಒಂದೇ ಕೆಮ್ಮು ಸಾಕಾಗುತ್ತಿತ್ತು.

ಆ ವರ್ಷ ಪಂದ್ಯ ಭಾನುವಾರ, ತಿಥಿ ಸೋಮವಾರ. ಶನಿವಾರ ಮಧ್ಯಾಹ್ನ ಸರೋಜ ತಾಯಿಯನ್ನು ಕರೆತರಲು ಮುಳಬಾಗಿಲಿಗೆ ಹೋದಳು. ನಾನು ಪೆಟ್ಟಿಗೆ ಬಿಚ್ಚಿ ಬೆಲ್ಟು ತೆಗೆದೆ. ಕಳ್ಳತನವೆಂದು ಅನ್ನಿಸಲಿಲ್ಲ, ಭಾನುವಾರ ಸಂಜೆ ವಾಪಸು ಹಾಕುವುದಲ್ಲವೇ?

ಹಳ್ಳದಲ್ಲಿ ನನ್ನ ದೋಣಿ ನಿಜವಾಗಿಯೂ ಓಡಿತು. ಅರ್ಧ ಹಳ್ಳದವರೆಗೆ ವೆಂಕಟಸ್ವಾಮಿಯ ದೋಣಿಗಿಂತ ಒಂದು ಗೇಣು ಮುಂದೆ. ಬಾಷಾ ಟವಲು ಬೀಸಿ ಕೂಗಿದ, "ಸಾರ್, ಹೋಯ್ತು ಸಾರ್, ಗೆದ್ವಿ!" ಆ ಒಂದು ಗೇಣಿನ ಸಂತೋಷವನ್ನು ಇವತ್ತಿಗೂ ಮರೆಯಲಾರೆ. ಆಮೇಲೆ ಜೇಡಿನೀರು ಬೆಲ್ಟಿಗೆ ಹತ್ತಿತು. ತೇಲುತ್ತಿದ್ದ ಹುಲ್ಲು ಸುತ್ತಿಕೊಂಡು ಫ್ಯಾನು ನಿಂತಿತು, ಮೋಟಾರು ಎಳೆಯುತ್ತಲೇ ಇತ್ತು. ದೋಣಿ ನಡುನೀರಿನಲ್ಲಿ ನಿಂತು ಗೊಣಗತೊಡಗಿತು. ನಾನೇ ಎದೆಮಟ್ಟ ಇಳಿದು ಎತ್ತಿ ತಂದೆ. ಹೊರಗೆ ಬಂದಾಗ ವೆಂಕಟಸ್ವಾಮಿ, "ಮೇಷ್ಟ್ರೇ, ದೋಣಿಗಿಂತ ನೀವೇ ಚೆನ್ನಾಗಿ ತೇಲ್ತೀರ. ಮುಂದಿನ ಸಲ ನೀವೇ ಇಳೀರಿ" ಎಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೆಲ್ಟು ಮುದುಕನ ಚರ್ಮದಂತೆ ಸಡಿಲವಾಗಿ ಅಂಗೈಯಲ್ಲಿ ಬಿದ್ದಿತ್ತು.

"ಕುದಿಯೋ ನೀರಿಗೆ ಹಾಕಿ ಸಾರ್, ಸ್ವಲ್ಪ ಕುಗ್ಗುತ್ತೆ" ಎಂದ ಬಾಷಾ. ಸಂಜೆ ಮನೆಯಲ್ಲಿ ಸಾರಿನ ಪಾತ್ರೆಯಲ್ಲಿ ಅದನ್ನು ಕುದಿಸುತ್ತಿದ್ದಾಗ ಅತ್ತೆಯೊಡನೆ ಸರೋಜ ಬಂದಳು. "ಏನ್ರೀ ಅದು ಒಲೆ ಮೇಲೆ, ರಬ್ಬರ್ ವಾಸನೆ?" "ಸ್ಕೂಲಿನ ಪ್ರಯೋಗ" ಎಂದೆ. ಅವಳು ಪಾತ್ರೆಯೊಳಗೆ ಒಮ್ಮೆ ಬಗ್ಗಿ ನೋಡಿ, ತಾಯಿಯನ್ನು ಕರೆದುಕೊಂಡು ಕೈಕಾಲು ತೊಳೆಯಲು ಹೋದಳು. ಅವರು ಹಿತ್ತಲಿನಲ್ಲಿದ್ದಾಗ ನಾನು ಬೆಲ್ಟನ್ನು ಒರೆಸಿ ಪೆಟ್ಟಿಗೆಗೆ ಹಾಕಿದೆ. ಕ್ಯಾಸೆಟ್ ಹಾಕಿ ಕೇಳಿ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಮಾವನವರ ಪಟದ ಮುಂದೆ ದೀಪ ಹಚ್ಚಿ ಗುಂಡಿ ಒತ್ತಿದರು. "ಏ... ಮ... ಮ್ಮಾ... ಸ... ರೋ... ಜಾ..." ಬಾವಿಯ ತಳದಿಂದ ಬಂದಂಥ ದಪ್ಪ ದನಿ, ಮೆಟ್ಟಿಲು ಹತ್ತಿದಂತೆ ಒಂದೊಂದೇ ಅಕ್ಷರ. ಸರೋಜ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ, ಬೈದಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು. ತಂದೆಯ ಕೊನೆಯ ಗುರುತನ್ನು ಒಂದು ಗೇಣು ನೀರಿಗಾಗಿ ಕೆಡಿಸಿದ ಮನುಷ್ಯನಾಗಿ ಗೋಡೆಗೆ ಒರಗಿ ನಿಂತಿದ್ದೆ. ದನಿ ತೆವಳುತ್ತ ಹೋಯಿತು: "ನಿ... ಮ್ಮಮ್ಮ... ನ್ನ... ನೋ... ಡ್ಕೋ..."

ಅತ್ತೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ನಾವು ಮೊದಲೇ ಸುಮ್ಮನಿದ್ದೆವು. "ನೋಡೇ ಸರೋಜಾ" ಎಂದರು, "ನಲವತ್ತು ವರ್ಷ ಸಂಸಾರ ಮಾಡಿದೆ. ಇಷ್ಟು ನಿಧಾನಕ್ಕೆ ನನ್ನ ಬಗ್ಗೆ ಒಂದು ದಿನ ಮಾತಾಡಿದ್ರಾ ಈ ಮನುಷ್ಯ?" ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದು ಸಲ ಹಾಕು" ಎಂದರು.

ತಿಂಗಳಾದ ಮೇಲೆ ಬಾಷಾ ಬೆಂಗಳೂರಿನಿಂದ ಹೊಸ ಬೆಲ್ಟು ತಂದುಕೊಟ್ಟ. ಅದನ್ನು ಪೆಟ್ಟಿಗೆಗೆ ಹಾಕಲು ಸರೋಜ ಬಿಡಲಿಲ್ಲ. "ಅಮ್ಮ ಇರೋವರೆಗೂ ಅದು ಹಾಗೇ ಇರಲಿ. ಇದನ್ನ ನಿಮ್ಮ ದೋಣಿಗೇ ಹಾಕ್ಕೊಳ್ಳಿ" ಎಂದಳು. ಆ ಮಾತಿನಲ್ಲಿ ಕ್ಷಮೆ ಎಷ್ಟು, ಶಿಕ್ಷೆ ಎಷ್ಟು ಎಂದು ನಾನು ಇನ್ನೂ ಅಳೆಯುತ್ತಿದ್ದೇನೆ. ದೋಣಿ ಅಟ್ಟ ಸೇರಿತು, ಬೆಲ್ಟು ಕಾಗದದಲ್ಲೇ ಉಳಿಯಿತು.

ತಿಥಿ ಮಾತ್ರ ವರ್ಷ ವರ್ಷವೂ ಬರುತ್ತದೆ. "ಅ... ಳಿ... ಯಂ... ದ್ರ... ಕೈ... ಗೆ..." ಎಂದು ಮಾವನವರು ಶುರು ಮಾಡಿದೊಡನೆ ನಾನು ಕೆಮ್ಮಲು ತೊಡಗುತ್ತೇನೆ. ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ನಿಲ್ಲಿಸಿದಾಗಲೂ ಅವರು "ಬಿ... ಚ್ಚಿ..." ತಲುಪಿರುವುದಿಲ್ಲ. "ಪಾಪ, ಅಳಿಯಂದ್ರಿಗೆ ವರ್ಷಾ ವರ್ಷಾ ಇದೇ ಹೊತ್ತಿಗೆ ಕೆಮ್ಮು" ಎಂದು ಅತ್ತೆ ಕಷಾಯಕ್ಕೆ ಮೆಣಸು ಕುಟ್ಟಲು ಏಳುತ್ತಾರೆ. ಸರೋಜ ಅವರನ್ನು ಕೈ ಹಿಡಿದು ಕೂರಿಸುತ್ತಾಳೆ. "ಕೂತ್ಕೋಮ್ಮಾ, ಅಪ್ಪ ಇನ್ನೂ ಮಾತಾಡ್ತಾ ಇದಾರೆ."