ಬಾಯಿಲ್ಲದ ಹುಲಿ, ಬಾಯಿಲ್ಲದ ಎಮ್ಮೆ

ಒಂದು ಕಲೆ ಪೂರ್ತಿ ಬರುವವನನ್ನು ಕಲಾವಿದ ಎನ್ನುತ್ತಾರೆ. ನಾಲ್ಕು ಕಲೆ ಅರೆಬರೆ ಬರುವವನನ್ನು ಏನೆನ್ನಬೇಕೆಂದು ನನ್ನ ಹೆಂಡತಿ ಸುಮಿತ್ರಾ ಮದುವೆಯಾದಾಗಿನಿಂದ ಯೋಚಿಸುತ್ತಿದ್ದಾಳೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಖಾನಾಪುರದಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದೆ. ಮನೆ ಬೆಳಗಾವಿಯ ಅನಗೋಳದಲ್ಲಿ. ಚಿತ್ರ ಬರೆಯುತ್ತಿದ್ದೆ, ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದೆ, ಮುಖವಾಡ ಮಾಡುತ್ತಿದ್ದೆ, ನಾಟಕವನ್ನೂ ಬರೆಯುತ್ತಿದ್ದೆ. ಚಿತ್ರ ನೋಡಿದವರು "ನಿಮ್ಮ ಪೇಟಿ ಭಾಳ ಛಲೋ ಇರ್ತದ್ರಿ" ಎನ್ನುತ್ತಿದ್ದರು; ಪೇಟಿ ಕೇಳಿದವರು ಚಿತ್ರವನ್ನು ಹೊಗಳುತ್ತಿದ್ದರು.

ಇದರ ಮೇಲೆ ಜನ ಕೂಡಿಸುವ ಹುಚ್ಚು ಬೇರೆ. ನಮ್ಮ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ನಳದ ಮುಂದೆ ಕೊಡ ಹಿಡಿದು ನಿಲ್ಲುತ್ತಿದ್ದವು, ಜಗಳವನ್ನೂ ಅಲ್ಲೇ ಆಡುತ್ತಿದ್ದವು. ಇವರೆಲ್ಲ ಸೇರಿ ಒಂದು ನಾಟಕ ಆಡಿದರೆ ಹೇಗೆ ಎಂದು ಪ್ರತಿ ರವಿವಾರ ನಮ್ಮ ಪಡಸಾಲೆಗೆ ಕರೆಯತೊಡಗಿದೆ. ಬಡಿಗ ಪರಶುರಾಮ ಬಂದ, ಅಂಚೆ ಕಚೇರಿಯ ಕುಲಕರ್ಣಿಯವರು ಬಂದರು. ಬಾಜು ಮನೆಯ ಹಲೀಮಾ ಚಾಚಿ ಹೊಲಿಯುತ್ತಿದ್ದ ಕೌದಿಯನ್ನೇ ಹೊತ್ತು ತಂದು ಮೂಲೆಯಲ್ಲಿ ಹಾಸಿಕೊಂಡು ಕುಳಿತರು. ಚಹಾ ಮಾಡುವ ಪಾತ್ರ ಸುಮಿತ್ರಾಳದ್ದು.

ಕಾಡಿನ ಒಂದು ಹಳ್ಳದ ನೀರಿಗಾಗಿ ಹುಲಿ ಮತ್ತು ಎಮ್ಮೆ ವಾದಿಸುವ ನಾಟಕ ಬರೆದೆ. ಹನ್ನೆರಡು ಪುಟ, ಅದರಲ್ಲಿ ಹುಲಿಯ ತತ್ವಜ್ಞಾನವೇ ನಾಲ್ಕು ಪುಟ. ಹಳೆಯ ಕಾಗದ ನೆನೆಸಿ, ಮೆಂತ್ಯದ ಹಿಟ್ಟು ಕಲಸಿ ಎರಡು ಮುಖವಾಡ ಮಾಡಿದೆ. ಬೆಳಗಾವಿಯ ಮಳೆಗಾಲ, ಹದಿನೈದು ದಿನವಾದರೂ ಅವು ಒಣಗಲೊಲ್ಲವು. ಕೊನೆಗೆ ಒಲೆಯ ಪಕ್ಕ ಇಟ್ಟೆ.

"ಹುಲಿ ಮಾರಿ ನೋಡಕೋತ ನಾ ರೊಟ್ಟಿ ಬಡೀಬೇಕೇನ್ರಿ?" ಎಂದಳು ಸುಮಿತ್ರಾ.

"ಕಲೆಗಾಗಿ ಸ್ವಲ್ಪ ತಡಕೋ" ಎಂದೆ.

"ನಿಮ್ಮನ್ನ ತಡಕೊಂಡೀನಿ, ಅದ ಸಾಕಾಗೇದ" ಎಂದಳು.

ಅಷ್ಟರಲ್ಲಿ ಖಾನಾಪುರದ ಆಚೆಯ ಗುಂಜಿಯ ಸಾಲೆಯ ಹೆಡ್‌ಮಾಸ್ತರರಿಂದ ಕರೆ ಬಂತು. ನಮ್ಮ ಮೊದಲ ಪ್ರಯೋಗ! ಕುಲಕರ್ಣಿಯವರು ಮಾತ್ರ ಗಂಭೀರವಾಗಿ, "ಮಾಸ್ತರ, ಅಲ್ಲಿ ಮರ್ಯಾದಿ ಹೋತಂದ್ರ ಮತ್ತ ನಿಮ್ಮ ಪಡಸಾಲಿಗೆ ಕಾಲ ಇಡಂಗಿಲ್ಲ ನೋಡ್ರಿ" ಎಂದರು. ಪರಶುರಾಮನೂ ತಲೆಯಾಡಿಸಿದ. ಹೊರಡುವ ಬೆಳಿಗ್ಗೆ ಮುಖವಾಡಗಳಿಗೆ ಕೊನೆಯ ಬಣ್ಣ ಹಚ್ಚಿ, ಯಾರೂ ಹಾಕಿ ನೋಡುವ ಮೊದಲೇ ಕೌದಿಯಲ್ಲಿ ಸುತ್ತಿ, ಎಲ್ಲರೂ ರೈಲು ಹತ್ತಿದೆವು.

ಗುಂಜಿಯ ಸಾಲೆಯ ಕಟ್ಟೆಯ ಮುಂದೆ ಮಧ್ಯಾಹ್ನಕ್ಕೇ ಊರು ಕೂಡಿತ್ತು. ನಾನು ಪೇಟಿಯಲ್ಲಿ ಒಂದು ಸ್ವರ ಹಿಡಿದೆ. ಹುಲಿಯಾಗಿ ಪರಶುರಾಮ ಮುಂದೆ ಬಂದು ಕೈ ಎತ್ತಿದ. "ಹ್ಞೂಂ… ಹ್ಞೂಂ… ಹ್ಞೂಂ" ಎಂದ. ಎಮ್ಮೆಯಾದ ಕುಲಕರ್ಣಿಯವರು ಅದಕ್ಕೆ ಉತ್ತರವಾಗಿ "ಮ್… ಮ್ಮ್…" ಎಂದರು. ಆಗ ನನಗೆ ಹೊಳೆಯಿತು. ಹುಲಿಗೆ ಮೀಸೆ ಎಳೆದಿದ್ದೆ, ಎಮ್ಮೆಗೆ ರೆಪ್ಪೆ ಬರೆದಿದ್ದೆ, ಹಲ್ಲನ್ನೂ ಎಣಿಸಿ ಎಣಿಸಿ ಬಿಡಿಸಿದ್ದೆ. ಬಾಯಿ ಕೊರೆಯುವುದನ್ನೇ ಮರೆತಿದ್ದೆ. ನನ್ನ ಹನ್ನೆರಡು ಪುಟವೂ ಕಾಗದದ ಗೋಡೆಯ ಹಿಂದೆ ಉಸಿರುಗಟ್ಟುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಎದ್ದು ಹೊರಟರು.

ಕಟ್ಟೆಯ ಬದಿಯಲ್ಲಿ ಕುಳಿತಿದ್ದ ಹಲೀಮಾ ಚಾಚಿಗೆ ಇದನ್ನು ನೋಡಲಾಗಲಿಲ್ಲ. ಹುಲಿಯ ಕೈ ಮೇಲೇಳುತ್ತಿದ್ದಂತೆ ಗಟ್ಟಿ ದನಿಯಲ್ಲಿ, "ಏ ಎಮ್ಮಿ! ನನ್ನ ನೀರಾಗ ಯಾಕ ಬಿದ್ದಿ? ಉಠ್, ಚಲ್!" ಎಂದರು.

ಸುಮಿತ್ರಾ ಎಮ್ಮೆಯ ಪರ ವಹಿಸಿದಳು. "ನಿನ್ನ ನೀರ? ಮಳಿ ಏನ್ ನಿಮ್ಮಪ್ಪ ಸುರಿಸ್ಯಾನ? ದಿನಾ ನಿನ್ನ ಮಾರಿ ನೋಡಕೋತ ರೊಟ್ಟಿ ಬಡದೀನಿ. ನಿನಗ ಅಂಜಾಕಿ ಅಲ್ಲ ನಾ!"

ಜನ ಹೋ ಎಂದು ನಕ್ಕರು. ಎದ್ದವರು ಮರಳಿ ಕುಳಿತರು. "ಮ್ಹೈಸ್ ಬರೋಬರ್ ಬೋಲ್ಲಿ!" ಎಂದು ಮರಾಠಿಯ ಅಜ್ಜಿಯೊಬ್ಬಳು ಎಮ್ಮೆಯ ಕಡೆ ತೀರ್ಪು ಕೊಟ್ಟಳು. ಹಿಂದಿನಿಂದ ಒಬ್ಬ ಗೌಳಿ, ಹುಲಿಗೂ ನೀರಡಿಕೆ ಆಗುತ್ತದಲ್ಲವೇ ಎಂದು ತಕರಾರು ತೆಗೆದ. ಊರೇ ಎರಡು ಪಕ್ಷವಾಗಿ ಮೂರು ಭಾಷೆಯಲ್ಲಿ ವಾದಿಸತೊಡಗಿತು. ಪರಶುರಾಮ, ಕುಲಕರ್ಣಿ ಇಬ್ಬರೂ ಬಂದ ಮಾತಿಗೆ ತಕ್ಕಂತೆ ಕುಣಿದರು, ಬಿದ್ದರು, ಬಾಲ ಬೀಸಿದರು. ಕಡೆಗೆ ಬೆಳಿಗ್ಗೆ ಎಮ್ಮೆಗೆ, ಸಂಜೆ ಹುಲಿಗೆ ನೀರು ಎಂದು ಊರೇ ತೀರ್ಮಾನಿಸಿತು. ನಾನು ಬರೆದಿದ್ದ ಅಂತ್ಯದಲ್ಲಿ ಇಬ್ಬರೂ ಸಾಯುತ್ತಿದ್ದರು.

ಬೆವರಿನಲ್ಲಿ ಮಿಂದಿದ್ದ ಕುಲಕರ್ಣಿಯವರು ಮುಖವಾಡ ತೆಗೆದವರೇ, "ಮುಂದಿನ ರವಿವಾರ ಎಷ್ಟಕ್ಕ ಬರ್ಲಿ?" ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಹೆಡ್‌ಮಾಸ್ತರರು ನನ್ನ ಕೈ ಹಿಡಿದುಕೊಂಡರು. "ಏನ್ ವಿಚಾರ್ರಿ ನಿಮ್ಮದು! ಬಾಯಿಲ್ಲದ ಪ್ರಾಣಿಗೆ ಮಂದಿ ಬಾಯಿ ಕೊಡಬೇಕು ಅಂತ ಬೇಕಂತನ ಹಂಗ ಮಾಡೀರಿ, ಹೌದಲ್ರಿ?"

ನಾನು ಸುಮಿತ್ರಾಳ ಕಡೆ ನೋಡಿದೆ. ಅವಳು ಆಕಾಶ ನೋಡಿದಳು.

"ಹೌದ್ರಿ" ಎಂದೆ.

ಆ ಒಂದು ಮಾತು ನನ್ನ ಕೈ ಕಟ್ಟಿಹಾಕಿತು. ಮರುತಿಂಗಳು ಕಣಕುಂಬಿಯಿಂದ ಕಾಗದ ಬಂತು: ಪ್ರಾಣಿಗಳಿಗೆ ದನಿ ಕೊಟ್ಟ ಇಬ್ಬರೂ ಬಾಯಾರನ್ನು ತಪ್ಪದೆ ಕಳಿಸಿ, ಮಾಸ್ತರರಿಗೆ ಬರಲು ಅಡಚಣೆ ಇದ್ದರೂ ನಡೆಯುತ್ತದೆ. ಅಂದಿನಿಂದ ಎಷ್ಟು ಮುಖವಾಡ ಮಾಡಿದೆನೋ ಲೆಕ್ಕವಿಲ್ಲ. ಒಂದಕ್ಕಾದರೂ ಬಾಯಿ ಕೊರೆಯೋಣವೆಂದು ಚಾಕು ಹಿಡಿದರೆ ಸಾಕು, ಇಡೀ ಓಣಿ ಓಡಿ ಬಂದು, "ಮಾಸ್ತರ, ನಿಮ್ಮ ಕಲಾ ನೀವ ಕೆಡಸಬ್ಯಾಡ್ರಿ" ಎಂದು ನನ್ನ ಕೈ ಹಿಡಿಯುತ್ತದೆ.