ನಮ್ಮೆಜಮಾನ್ರ ರಕ್ತ ತೆಳ್ಳಗಾದ ಮೇಲೆ

ಚಂದ್ರಾ ಲೇಔಟ್‌ನ ನಮ್ಮ ಮನೆಯಲ್ಲಿ ನಗು ಬರಿಸೋ ಸಂಗತಿಗೆ ಬರವಿಲ್ಲ, ನನಗೆ ನಗೋಕೆ ಪುರುಸೊತ್ತಿಲ್ಲ ಅಷ್ಟೆ. ಎರಡು ವರ್ಷದ ಹಿಂದೆ ನಮ್ಮೆಜಮಾನ್ರ ಎದೆಬಡಿತ ತಾಳ ತಪ್ಪಿತು. ಹೀಗಾದ್ರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು, ರಕ್ತ ತೆಳು ಮಾಡೋ ಮಾತ್ರೆ ದಿನಾ ಸಂಜೆ ಆರಕ್ಕೆ ತಪ್ಪದೆ ತಗೋಬೇಕು ಅಂದ್ರು ಡಾಕ್ಟ್ರು. ಅವತ್ತಿಂದ ಐದೂವರೆ ಆದ್ರೆ ಸಾಕು, ನಾನು ಕೂತಲ್ಲಿ ಕೂರಲ್ಲ.

೧. ಸೊಪ್ಪು

ಈ ಮಾತ್ರೆ ತಗೊಳ್ಳೋರು ಸೊಪ್ಪು ತಿನ್ನೋದನ್ನ ಒಂದು ವಾರ ಜಾಸ್ತಿ, ಒಂದು ವಾರ ಕಮ್ಮಿ ಮಾಡಬಾರದಂತೆ, ಮಾತ್ರೆ ಕೆಲಸ ಏರುಪೇರಾಗುತ್ತಂತೆ. ಇವರು ಮನೆಗೆ ಬಂದು ಸೊಪ್ಪೇ ಬಂದ್ ಅಂತ ಸಾರಿಬಿಟ್ರು. ಮೊದಲಿಂದಲೂ ಸೊಪ್ಪಿನ ಬಸ್ಸಾರು ಕಂಡ್ರೆ ಮುಖ ಸಿಂಡರಿಸೋ ಪ್ರಾಣಿ. ನಾನು ಬಿಡ್ತೀನಾ? ಮುಂದಿನ ಸಲ ಡಾಕ್ಟ್ರ ಎದುರೇ ಕೇಳಿದೆ. ಮೊದಲು ಎಷ್ಟು ತಿಂತಿದ್ರೋ ಅಷ್ಟೇ ತಿನ್ನಲಿ ಅಂದ್ರು.

"ಹಾಗೇ ಮಾಡ್ತಿದೀನಿ ಸಾರ್," ಅಂದ್ರು ಇವರು. "ಮೂವತ್ತು ವರ್ಷದಿಂದ ತಟ್ಟೆ ಅಂಚಿಗೆ ತಳ್ತಿದ್ದೆ, ಈಗಲೂ ಅಷ್ಟೇ ತಳ್ತೀನಿ."

೨. ಕ್ಷೌರ

ಗಾಯ ಆದ್ರೆ ರಕ್ತ ಬೇಗ ನಿಲ್ಲಲ್ಲ ಅಂತ ವಿಜಯನಗರದ ತಮ್ಮ ಹಳೇ ಕ್ಷೌರದವನಿಗೆ ಹೇಳಿದಾರೆ, ಅದೂ ಅರ್ಧ ಶೇವ್ ಆದ್ಮೇಲೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಇನ್ನು ಬ್ಲೇಡ್ ಮುಟ್ಟಲ್ಲ ಅಂದುಬಿಟ್ಟ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ತುಂಬ ನೊರೆ, ಹಾಗೇ ಆಟೋದಲ್ಲಿ ಬಂದಿಳಿದ್ರು. ಉಳಿದದ್ದನ್ನ ನಾನೇ ಟ್ರಿಮ್ಮರ್ ಮಷೀನ್‌ನಲ್ಲಿ ತೆಗೆದೆ. ಮದುವೆಯಾದ ಮೇಲೆ ಅವರು ನನ್ನೆದುರು ತುಟಿ ಪಿಟಕ್ಕೆನ್ನದೆ ಕೂತಿದ್ದು ಅದೇ ಮೊದಲು.

೩. ಏಕಾದಶಿ

ಮೊನ್ನೆ ಏಕಾದಶಿ. ನೀರೂ ಮುಟ್ಟಲ್ಲ, ಮಾತ್ರೆ ನಾಳೆ ಅಂದ್ರು ಇವರು. ಆರು ಆಯ್ತು, ಆರೂವರೆ ಆಯ್ತು. ಗೇಟಿಗೂ ಅಡುಗೆಮನೆಗೂ ನಾನು ಎಷ್ಟು ಸಲ ಓಡಾಡಿದೆನೋ. ನಮ್ಮಮ್ಮ ಸ್ಟ್ರೋಕ್ ಆಗಿ, ಒಂದು ಕೈ ಎತ್ತಲಾಗದೆ ಮಲಗಿದ್ದನ್ನ ನೋಡಿದೋಳು ನಾನು.

"ನನಗೆ ಭಯ ಆಗ್ತಿದೆ ಕಣ್ರೀ," ಅಂದೆ.

ವ್ರತ ಕೆಡುತ್ತೆ ಅನ್ನೋದೊಂದೇ ಅವರ ಹಟ. ಸರಿ, ಬೀದಿ ಕೊನೆಯ ದೇವಸ್ಥಾನಕ್ಕೆ ಎಳ್ಕೊಂಡು ಹೋದೆ. ಔಷಧಿಗೆ ದೋಷ ಇಲ್ಲ, ಜೀವ ಇದ್ರೆ ತಾನೇ ವ್ರತ ಅಂತ ಅರ್ಚಕರು ಚೆನ್ನಾಗಿ ಬೈದು, ಅಂಗೈಗೆ ತೀರ್ಥ ಹಾಕಿದ್ರು. ಇವರು ಮಾತ್ರೆ ನುಂಗಿದ್ರು. ನನಗೆ ಹೋದ ಜೀವ ಬಂತು.

ಅರ್ಚಕರು ಮಾತ್ರ ನನ್ನ ಕೈಲಿದ್ದ ಮಾತ್ರೆ ಶೀಟನ್ನೇ ನೋಡ್ತಾ ನಿಂತ್ರು. ಆಮೇಲೆ ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಗಂಟು ಬಿಚ್ಚಿ, ಅದೇ ಥರದ ಮಾತ್ರೆ ಹೊರಗೆ ತೆಗೆದು, ತಾವೂ ಒಂದು ಉದ್ಧರಣೆ ತೀರ್ಥ ಹಾಕ್ಕೊಂಡು ನುಂಗಿದ್ರು.

"ಏಕಾದಶಿ ಅಂತ ಇವತ್ತು ನಾನೂ ತಗೊಂಡಿರ್ಲಿಲ್ಲಮ್ಮ," ಅಂದ್ರು. "ನನಗೆ ಹೇಳೋಕೆ ಇನ್ನೊಬ್ಬ ಅರ್ಚಕ ಇಲ್ಲ ನೋಡಿ."