ಹೊಟ್ಟೆಯಲ್ಲಿ ಬಾಯಿದ್ದ ಯಂತ್ರ

ಅರವತ್ತು ದಾಟಿದ ಮನುಷ್ಯ ಯಾವುದಕ್ಕೂ ಹೌಹಾರಬಾರದು ಎಂಬುದು ನನ್ನ ಮತ. ಹೌಹಾರುವುದೆಲ್ಲ ಅಷ್ಟರೊಳಗೆ ಮುಗಿದಿರಬೇಕು. ನಾನಂತೂ ಅದಕ್ಕೆ ತಕ್ಕ ಏರ್ಪಾಡು ಮಾಡಿಕೊಂಡವನು. ಕಲಿಯುವಾಗ ಟ್ರೇನಿಂಗ್ ಕಾಲೇಜಿನ ಗಂಟೆಗೆ ಎದ್ದೆ, ಕೂತೆ, ಉಂಡೆ. ಕಲಿಸುವಾಗ ಶಿಗ್ಗಾಂವಿಯ ಸಾಲೆಯ ಗಂಟೆಗೆ. ಪೆನ್ಶನ್ ಆದ ಮೇಲೆ ಗಂಟೆ ಹೊಡೆಯುವವರು ಯಾರೂ ಇಲ್ಲವಾಗಿ ನಾನೇ ಗಂಟೆಯಾದೆ. "ಮಾಸ್ತರು ಕೆರೀ ಕಡೆ ಹೊಂಟ್ರು, ಹಂಚು ಏರಸ್ರೆ" ಎಂದು ನಮ್ಮ ಓಣಿಯ ಹೆಣ್ಣುಮಕ್ಕಳು ನನ್ನನ್ನು ನೋಡಿ ರೊಟ್ಟಿ ಬಡಿಯಲು ಕೂರುತ್ತಿದ್ದರು. ಒಂದು ದಿನ ಜ್ವರ ಬಂದು ಮಲಗಿದ್ದಕ್ಕೆ ಇಡೀ ಓಣಿ ತಡವಾಗಿ ಉಂಡಿತಂತೆ. ಇಂಥವನ ಮನೆಗೆ ದಿಗಿಲು ಬರುವುದಾದರೂ ಬಾಗಿಲು ತಟ್ಟಿ, ಹೊತ್ತು ಕೇಳಿ ಬಂದೀತು ಎಂದು ನಂಬಿದ್ದೆ. ಅದು ಪಕ್ಕದೂರು ತಡಸದಲ್ಲಿ, ಊಟದ ಪಂಕ್ತಿಯಲ್ಲಿ, ನನ್ನದೇ ಕೋಟು ತೊಟ್ಟುಕೊಂಡು ಎದುರಿಗೆ ಕೂತಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಡಸದಲ್ಲಿ ಹೊಸ ಮನೆ ಕಟ್ಟಿ ಊಟಕ್ಕೆ ಕರೆದಿದ್ದ. ಎಲೆಯ ಮುಂದೆ ಕೂತು ತಲೆ ಎತ್ತಿದರೆ ಎದುರಿನ ಸಾಲಿನಲ್ಲಿ ಒಬ್ಬ ಅಪರಿಚಿತ ತರುಣ. ಮೈಮೇಲೆ ನನ್ನ ಬಿಳಿ ಕೋಟು. ಬಿಳಿ ಕೋಟು ಊರಿಗೆ ನೂರಿರುತ್ತವೆ, ಒಪ್ಪುತ್ತೇನೆ. ಆದರೆ ಎಡ ಕಿಸೆಯ ಅಂಚನ್ನು ಹಸಿರು ದಾರದಲ್ಲಿ ಹೊಲಿದದ್ದು ನನ್ನ ಮನೆಯಲ್ಲಿ ಮಾತ್ರ. ಯುದ್ಧಕಾಲದಲ್ಲಿ ಬಿಳಿ ದಾರ ಸಿಗದೆ ನನ್ನ ಹೆಂಡತಿ ಗಂಗವ್ವ ಹಾಗೆ ಹೊಲಿದಿದ್ದಳು. ಆ ಕೋಟನ್ನು ಎರಡು ದಿನದ ಹಿಂದೆ ಒಗೆಯಲು ಹಾಕಿದ್ದೆವು. ಈಗ ಅದು ನನಗಿಂತ ಮೊದಲೇ ಬಂದು ಹುಗ್ಗಿ ಉಣ್ಣುತ್ತಿತ್ತು. ಅವನು ತುಪ್ಪದ ಕೈಯನ್ನು ಮೇಲೆತ್ತಿದಾಗಲೆಲ್ಲ ನಾನು ಆ ತೋಳಿನ ತುದಿಯನ್ನೇ ಕಾಯುತ್ತಿದ್ದೆ. ಕಡೆಗೆ ತಾಳಲಾರದೆ ಕೇಳಿಯೇಬಿಟ್ಟೆ. "ಕೋಟು ಭಾಳ ಚಲೋ ಐತ್ರಿ. ಎಲ್ಲಿ ಹೊಲಿಸಿದ್ರಿ?"

ಅವನು ಕಣ್ಣು ಮಿಟುಕಿಸಲಿಲ್ಲ. "ಹುಬ್ಬಳ್ಳ್ಯಾಗ್ರೀ. ತೋಳು ಒಂಚೂರು ಉದ್ದ ಆತು. ಸಿಂಪಿಗ್ಯಾ ಮಾತ ಕೇಳ್ಲಿಲ್ಲ" ಎಂದು ತೋಳನ್ನು ಮೇಲೆ ಸರಿಸಿಕೊಂಡು ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡ. ಸುಳ್ಳು ಹೇಳಿದ್ದಕ್ಕಲ್ಲ, ಅಷ್ಟು ಸರಾಗವಾಗಿ, ಇಲ್ಲದ ಸಿಂಪಿಗನೊಬ್ಬನನ್ನು ಹುಟ್ಟಿಸಿ ಅವನ ಮೇಲೆ ತಪ್ಪನ್ನೂ ಹೊರಿಸಿ ಹೇಳಿದ್ದಕ್ಕೆ ನಾನು ದಂಗಾದೆ. ಅಂದಿನ ಹುಗ್ಗಿಯ ರುಚಿ ಕೇಳಿದರೆ ನನಗೆ ಈಗಲೂ ಹೇಳಲು ಬರುವುದಿಲ್ಲ.

ನಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದವಳು ಮಡಿವಾಳರ ಬಸವ್ವ. ಅವಳ ಅತ್ತೆ ನನ್ನ ತಾಯಿಯ ಕಾಲದಿಂದ ಒಗೆದವಳು. ಮರುದಿನ ಮುಂಜಾನೆ ಅವಳನ್ನು ಕರೆಸಿ, ಸಾಲೆಯಲ್ಲಿ ಹುಡುಗರನ್ನು ವಿಚಾರಿಸುತ್ತಿದ್ದ ದನಿಯಲ್ಲಿ ವಿಚಾರಿಸಿದೆ. ಅವಳು ಹೌಹಾರಿದಳು, ನಿಜ. ಆದರೆ ಬೇರೆ ಕಾರಣಕ್ಕೆ.

"ಕನ್ಯಾ ನೋಡಾಕ ಹೊಕ್ಕೇನಿ ಅಂತ ಒಯ್ದಿದ್ದನ್ರೀ ಅಂವಾ! ಊಟಕ್ಕೂ ಹಾಕ್ಕೊಂಡು ಕುಂತಿದ್ದನ? ನೋಡ್ರಿ ಮತ್ತ, ಮಂದಿಗೆ ಭಿಡೆ ಅನ್ನೋದಽ ಉಳಿದಿಲ್ಲ."

"ಮಂದಿ ಕೋಟು ಮಂದಿಗೆ ಕೊಡಾಕ ನಿನಗ್ಯಾರು ಹೇಳಿದ್ರು?"

"ಯಾರರ ಹೇಳಬೇಕೇನ್ರಿ? ಬರೇ ಅಂಗಿ ಮ್ಯಾಲ ಹೋದ ಹುಡುಗಗ ಯಾರು ಹೆಣ್ಣ ಕೊಡ್ತಾರ? ನಿಮ್ಮ ಕೋಟಿನ ಪುಣ್ಯೇಕ ಒಂದು ಸಂಸಾರ ಆಗ್ತಿತ್ತು. ನೀವರ ಅದನ್ನ ಪೆಟಗ್ಯಾಗ ಇಟ್ಟು ಹುಳಕ್ಕ ಹಾಕ್ತೀರಿ."

"ಇನ್ನ ಮ್ಯಾಲೆ ನಮ್ಮನಿ ಅರಿವಿ ನಿನಗ ಹಾಕೂದಿಲ್ಲ" ಎಂದು ಒಂದೇ ಮಾತಿನಲ್ಲಿ ತರಗತಿ ಮುಗಿಸಿದೆ. ಬಸವ್ವ ಗಂಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು "ಆತು ಬಿಡ್ರಿ" ಎಂದು ಹೊರಟೇಹೋದಳು. ಅಡಿಗೆಮನೆಯಿಂದ ಗಂಗವ್ವ ಬಂದು ಬಾಗಿಲಲ್ಲಿ ನಿಂತಳು.

"ಬರೂ ತಿಂಗಳ ಶಾಂತವ್ವನ ಲಗ್ನ ಐತಿ, ಗೊತ್ತೈತಿಲ್ಲೋ? ನಡೆಮಡಿ ಯಾರು ಹಾಸ್ತಾರ? ನೀವು ಹಾಸ್ತೀರೇನು?"

ಮದುಮಕ್ಕಳು ಹಂದರಕ್ಕೆ ಬರುವಾಗ ಅವರ ಕಾಲು ನೆಲಕ್ಕೆ ತಾಗಬಾರದೆಂದು ಮಡಿವಾಳರು ಬಿಳಿ ಬಟ್ಟೆ ಹಾಸುತ್ತ, ದಾಟಿದ್ದನ್ನು ಎತ್ತಿ ಮತ್ತೆ ಮುಂದೆ ಹಾಸುತ್ತ ಹೋಗುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮಗಳು ಶಾಂತಾಳನ್ನು ತಂದುಕೊಳ್ಳುವ ಬೀಗರು ಹಿರೇಕೆರೂರಿನ ಅರಳೆ ವ್ಯಾಪಾರದ ಮನೆತನದವರು, ಇಂಥದರಲ್ಲಿ ಬಲು ಕಟ್ಟುನಿಟ್ಟು. ನಿಶ್ಚಯದ ದಿನವೇ ಅವರ ಹಿರಿಯರು "ನಡೆಮಡಿ ಇಲ್ಲದ ಹಂದರಕ್ಕ ನಮ್ಮ ಹುಡುಗ ಕಾಲಿಡಂಗಿಲ್ರಿ" ಎಂದು ನಗುತ್ತಲೇ ಹೇಳಿದ್ದರು. ನಗುತ್ತ ಹೇಳುವ ಬೀಗರ ಮಾತನ್ನು ಬಹಳ ಜಾಗ್ರತೆಯಿಂದ ಕೇಳಬೇಕು. ಆದರೂ ನಾನು ಆಡಿದ ಮಾತು ಆಡಿಯಾಗಿತ್ತು. ಹೊಸ ಬಟ್ಟೆ ಕೊಂಡೇನೆಂದರೆ ಅರಿವೆಯೆಲ್ಲ ರೇಷನ್ನಿನಲ್ಲಿ. ಇದ್ದ ಬಿಳಿ ಹಚ್ಚಡಗಳನ್ನೇ ಮನೆಯಲ್ಲಿ ಒಗೆದು, ನನ್ನ ತಮ್ಮನ ಕೈಯಲ್ಲಿ ಹಾಸಿಸಿದರಾಯಿತು ಎಂದು ಮನಸ್ಸಿನಲ್ಲೇ ಏರ್ಪಾಡು ಮಾಡಿದೆ. ಯಾರು ಒಗೆಯುವುದು ಎಂಬ ಪ್ರಶ್ನೆಯೊಂದು ಉಳಿಯಿತು. ಗಂಗವ್ವನ ಮುಖ ನೋಡಿ ಅದನ್ನು ಬಾಯಿಬಿಟ್ಟು ಕೇಳಲಿಲ್ಲ.

ಉತ್ತರ ಸವಣೂರಿನಲ್ಲಿ ಸಿಕ್ಕಿತು. ಮದುವೆಗೆ ವೀಳ್ಯದೆಲೆ ಗೊತ್ತುಮಾಡಲು ಹೋದವನು ಗುಜರಿ ಇಮಾಮಸಾಹೇಬರ ಅಂಗಡಿಯ ಮುಂದೆ ನಿಂತೆ. ಯುದ್ಧ ಮುಗಿದ ಮೇಲೆ ದಂಡಿನ ಸಾಮಾನುಗಳನ್ನು ಲಿಲಾವು ಹಾಕುತ್ತಿದ್ದರಷ್ಟೆ. ಸಾಹೇಬರು ಅದರಲ್ಲಿ ಟೊಪ್ಪಿಗೆ, ತಗಡಿನ ತಾಟುಗಳ ಜೊತೆಗೆ ಬಟ್ಟೆ ಒಗೆಯುವ ಯಂತ್ರಗಳನ್ನೂ ಹಿಡಿದು ತಂದಿದ್ದರು. ಎರಡು ಇದ್ದವು. ಎರಡಕ್ಕೂ ಕೈಯಿಂದ ತಿರುವುವ ಹ್ಯಾಂಡಲ್ಲು. ಒಂದಕ್ಕೆ ನೆತ್ತಿಯ ಮೇಲೆ ಬಾಯಿ, ಇನ್ನೊಂದಕ್ಕೆ ಹೊಟ್ಟೆಯಲ್ಲಿ ಬಾಯಿ, ಅದಕ್ಕೊಂದು ಗುಂಡನೆಯ ಗಾಜಿನ ಬಾಗಿಲು.

"ಯಾವುದು ಚಲೋ?" ಎಂದೆ.

"ಮಾಸ್ತರ್‌ಸಾಬ್, ದೋನೋ ಚಲೋ. ಮ್ಯಾಲಿನ ಬಾಯೀದು ನೀರು ಭಾಳ ಕುಡೀತೈತಿ, ಆದರ ನಡುವ ಮುಚ್ಚಳಾ ತಗದು ಮರತ ಅರಿವೀ ಹಾಕಬಹುದು. ಹೊಟ್ಟೀ ಬಾಯೀದು ನೀರು ಕಡಿಮಿ, ಸಾಬಾಣ ಕಡಿಮಿ. ಲೇಕಿನ್ ಒಮ್ಮೆ ಮುಚ್ಚಿದ್ರಿ ಅಂದ್ರ ಖತಂ. ನೀರು ಬಿಡೂತನಕ ಬಾಗಲಾ ತಗ್ಯಂಗಿಲ್ಲ."

ಇಷ್ಟು ದೊಡ್ಡ ವಿಷಯವನ್ನು ಒಬ್ಬನೇ ನಿರ್ಧರಿಸುವುದು ಸರಿಯಲ್ಲವೆಂದು ಮನೆಗೆ ಬಂದು ಮುಂದಿಟ್ಟೆ. ಮುಂದಿಡಬಾರದಿತ್ತು. ಗಂಗವ್ವ ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟು, "ಕೊಡಕ್ಕ ಬಾಯಿ ಎಲ್ಲೈತಿ? ಮ್ಯಾಲ. ಬಾವಿಗೆ? ಮ್ಯಾಲ. ಜ್ವಾಳಾ ತುಂಬೂ ಹಗೇಕ? ಮ್ಯಾಲ. ಹೊಟ್ಟ್ಯಾಗ ಬಾಯಿರೂದು ಒಲೀಗೆ. ಒಲ್ಯಾಗ ಯಾರರ ಅರಿವಿ ಹಾಕ್ತಾರೇನು?" ಎಂದಳು. ಮದುಮಗಳು ಶಾಂತಾ ನಗುತ್ತ, "ಅಪ್ಪಾ, ಯಾವುದರ ತರ್ರಿ, ನನ್ನ ಲಗ್ನಾ ಮುಗದ ಮ್ಯಾಲೆ ತರ್ರಿ" ಎಂದಳು. ಆ ಮನೆಯಲ್ಲಿ ಬುದ್ಧಿಯಿದ್ದ ಮಾತು ಅದೊಂದೇ ಎಂದು ಈಗ ತೋರುತ್ತದೆ.

ಆದರೆ ನನ್ನ ಮನಸ್ಸು ಆಗಲೇ ಹೊಟ್ಟೆಬಾಯಿಯ ಕಡೆ ವಾಲಿತ್ತು. ಸಾಹೇಬರು ಯಾವುದನ್ನು ಕುಂದೆಂದು ಹೇಳಿದ್ದರೋ ಅದೇ ನನಗೆ ಹಿಡಿಸಿತ್ತು. ಒಮ್ಮೆ ಮುಚ್ಚಿದರೆ ಮುಗಿಯಿತು! ಗಂಟೆಯಾದ ಮೇಲೆ ಸಾಲೆಯ ಗೇಟು ಮುಚ್ಚಿಸಿ, ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುತ್ತಿದ್ದ ಕೈ ಇದು. ನಡುವೆ ಮುಚ್ಚಳ ತೆಗೆದು ಮರೆತ ಬಟ್ಟೆ ತುರುಕುವುದೆಂದರೆ ಏನು? ಅದು ಯಂತ್ರವೋ ಸಂತೆಯೋ? ತಡವಾಗಿ ಬಂದ ಬಟ್ಟೆ ಹೊರಗೆ ನಿಲ್ಲಬೇಕು. ಮೇಲಾಗಿ ಗಾಜಿನ ಬಾಗಿಲು. ಒಳಗಿನವರು ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಎಂದು ಹೊರಗಿನಿಂದಲೇ ತಪಾಸಣೆ ಮಾಡಬಹುದು. ಚಕ್ಕಡಿಯಲ್ಲಿ ಹುಲ್ಲಿನ ಮೇಲೆ ಕೂರಿಸಿಕೊಂಡು ಬಂದೆ.

ಅದೇ ದಿನ ಹಾನಗಲ್ಲಿನಿಂದ ನನ್ನ ಸೋದರತ್ತೆ ನೀಲವ್ವ ಮದುವೆಗೆಂದು ಬಂದಿಳಿದಳು. ಎಂಬತ್ತರ ಮುದುಕಿ, ನನ್ನನ್ನು ಇನ್ನೂ "ತಮ್ಮಾ" ಎಂದೇ ಕರೆಯುತ್ತಾಳೆ. ಹಿತ್ತಲಲ್ಲಿ ನಿಲ್ಲಿಸಿದ್ದ ಯಂತ್ರವನ್ನು ಸುತ್ತು ಹಾಕಿ ನೋಡಿದಳು. ಗಿಡ್ಡಗೆ, ಬೆಳ್ಳಗೆ, ಹೊಟ್ಟೆ ಮುಂದು ಮಾಡಿ ನಿಂತಿತ್ತು. "ಚಂದ ಅದಾಳ" ಎಂದು ಹೇಳಿ ಒಳಗೆ ಹೋದಳು. ಯಂತ್ರವನ್ನು ಅವಳು "ಅದಾಳ" ಎಂದದ್ದನ್ನು ನಾನು ಕೇಳಿಸಿಕೊಂಡೆ, ಮುದುಕಿಯ ಮಾತೆಂದು ಬಿಟ್ಟೆ. ಹುಡುಗರ ಉತ್ತರಪತ್ರಿಕೆಯಲ್ಲಿ ಅಂಥ ತಪ್ಪು ಕಂಡಿದ್ದರೆ ಕೆಂಪು ಮಸಿಯಲ್ಲಿ ಗೆರೆ ಎಳೆಯುತ್ತಿದ್ದೆ. ಎಳೆಯಬೇಕಿತ್ತು.

ಮದುವೆಯ ಹಿಂದಿನ ದಿನ ಒಗೆತದ ಮುಹೂರ್ತ. ನಡೆಮಡಿಯ ಹಚ್ಚಡಗಳು, ನನ್ನ ಧೋತರ, ರುಮಾಲು, ತಡಸದಿಂದ ಬಸವ್ವನ ಕೈದಾಟಿ ಕ್ಷೇಮವಾಗಿ ಮನೆಗೆ ಮರಳಿದ ಕೋಟು, ಎಲ್ಲವನ್ನೂ ಹೊಟ್ಟೆಯೊಳಗೆ ತಳ್ಳಿದೆ. ನೀರು ಸಿಡಿದೀತೆಂದು ಕನ್ನಡಕ ತೆಗೆದಿಟ್ಟಿದ್ದೆ. ಸೋಡಾ ಹಾಕಿ, ಬಾಗಿಲು ಬಿಗಿದು, ಬೆನ್ನಿನ ಕೊಳವೆಯಿಂದ ನೀರು ಹೊಯ್ದು ಹ್ಯಾಂಡಲ್ಲು ತಿರುವಿದೆ. ಓಣಿಯೇ ಹಿತ್ತಲಲ್ಲಿ ನೆರೆದಿತ್ತು. ಒಳಗಿನಿಂದ ಡಬ್, ಡಬ್, ಡಬ್ ಎಂದು ಸಪ್ಪಳ ಬಂತು. ಬಸವ್ವ ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸಪ್ಪಳದ ಹಾಗೆಯೇ! "ಕೇಳ್ರಿ, ಒಳಗ ಒಗಿಯೂ ಕಲ್ಲೂ ಇಟ್ಟಾರ!" ಎಂದು ನೆರೆದವರಿಗೆ ವಿವರಿಸಿದೆ. ಎಲ್ಲರೂ ತಲೆದೂಗಿದರು.

ಆಮೇಲೆ ಗಾಜು ಹಳದಿಯಾಯಿತು. ಕೊಳೆ ಬಿಡುತ್ತಿದೆ ಎಂದುಕೊಂಡೆ. ನೋಡನೋಡುತ್ತ ಕೆಂಪಗಾಯಿತು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರೆ ಗಾಜಿನ ಆಚೆ ನನ್ನ ಕೋಟಿನ ಒಂದು ತೋಳು ರಕ್ತದಲ್ಲಿ ಅದ್ದಿದಂತೆ ಮೇಲೆದ್ದು, ನನ್ನನ್ನು ಕರೆದ ಹಾಗೆ ಮಾಡಿ ಮುಳುಗಿತು. "ಬಾಗಲಾ ತಗೀರಿ!" ಎಂದು ಗಂಗವ್ವ ಕೂಗಿದಳು. ತೆಗೆಯುವಂತಿಲ್ಲವಲ್ಲ! ನೆತ್ತಿಯ ಬಾಯಿದ್ದರೆ ಕೈ ಹಾಕಿ ಒಂದು ಹಚ್ಚಡವನ್ನಾದರೂ ಉಳಿಸಿಕೊಳ್ಳಬಹುದಿತ್ತು. ನಾನೋ ತಪಾಸಣೆ ಮಾಡುತ್ತ ನಿಂತಿದ್ದೆ; ತಪಾಸಣೆ ಮಾಡುವವನಿಗೆ ಎಲ್ಲವೂ ಕಾಣುತ್ತದೆ, ಏನೂ ಮಾಡಲು ಬರುವುದಿಲ್ಲ. ಕಡೆಗೆ ತಡೆಯಲಾರದೆ ಚಿಲಕ ಎಳೆದೆ. ಕೆಂಪು ನೀರು ಭೋರೆಂದು ನುಗ್ಗಿ, ಚಾಪೆಯ ಮೇಲೆ ಒಣಗಲು ಹಾಕಿದ್ದ ಮದುವೆಯ ಶಾವಿಗೆಯನ್ನೆಲ್ಲ ಎತ್ತಿಕೊಂಡು ಹೋಯಿತು. ಅದರ ಹಿಂದೆ ಅಕ್ಕಿ, ಉತ್ತತ್ತಿ, ಅರಿಷಿಣದ ಪುಡಿಯ ಪೊಟ್ಟಣ, ಕೆಂಪು ಕುಬಸದ ಖಣ. ಎಲ್ಲಕ್ಕೂ ಕಡೆಗೆ ಒಂದು ತೆಂಗಿನಕಾಯಿ ಹೊರಬಿದ್ದು ಉರುಳುತ್ತ ಹೋಗಿ ನೀಲವ್ವತ್ತೆಯ ಕಾಲ ಬಳಿ ನಿಂತಿತು.

"ಅಯ್ಯ ನನ ಶಿವನ! ಉಡ್ಯಾಗಿನ ಕಾಯಿ ನೆಲಕ್ಕ ಚೆಲ್ಲಿದ್ಯಲ್ಲೋ ತಮ್ಮಾ!"

ಲಗ್ನದ ಮನೆಗೆ ಬಂದ ಹೆಣ್ಣು ಬರಿದು ಉಡಿಯಲ್ಲಿ ನಿಲ್ಲಬಾರದಂತೆ. ಹೊಟ್ಟೆಯ ಮುಂದೆ ತಕ್ಕ ಜಾಗವನ್ನೂ ಬಾಗಿಲನ್ನೂ ಮಾಡಿಟ್ಟಿದ್ದಾರೆ, ತುಂಬದೆ ಬಿಡುವುದು ಹೇಗೆ? ಮುದುಕಿ ಶಾಸ್ತ್ರೋಕ್ತವಾಗಿ ಯಂತ್ರಕ್ಕೆ ಉಡಿ ತುಂಬಿ, ಇಲಿ ಬಂದೀತೆಂದು ಬಾಗಿಲನ್ನೂ ಹಾಕಿದ್ದಳು. ಅರಿಷಿಣಕ್ಕೆ ಸುಣ್ಣ ಸೇರಿದರೆ ಓಕುಳಿಯಾಗುವುದು ಎಲ್ಲರಿಗೂ ಗೊತ್ತು. ಸೋಡಾ ಸೇರಿದರೂ ಅದೇ ಆಗುತ್ತದೆಂದು ಅಂದು ನಮ್ಮ ಓಣಿಯವರೆಲ್ಲ ಕಲಿತರು. ನನ್ನ ಕಡೆಯ ಪಾಠ ಅದು.

ಹಗ್ಗದ ಮೇಲೆ ಕೆಂಪು ಹಚ್ಚಡ, ಕೆಂಪು ಧೋತರ, ಕೆಂಪು ಕೋಟು ಸಾಲಾಗಿ ತೂಗುತ್ತಿದ್ದವು. ಶಾಂತಾ ಈಗ ನಗುತ್ತಿರಲಿಲ್ಲ. ಕಂಬಕ್ಕೆ ಒರಗಿ, "ಅಪ್ಪಾ, ಅವರು ಓಣೀ ತುದೀಗೆ ಬಂದು ನಿಂತುಬಿಟ್ರ?" ಎಂದು ಮೆಲ್ಲಗೆ ಕೇಳಿದಳು. ಸಾವಿರ ಹುಡುಗರಿಗೆ ಉತ್ತರ ಹೇಳಿಕೊಟ್ಟ ನಾನು ಹೋಗಿ ಕೆಂಪು ಹಚ್ಚಡವೊಂದನ್ನು ಮತ್ತೊಮ್ಮೆ ಹಿಂಡಿದೆ. ಗಂಗವ್ವ ನನ್ನನ್ನು ಕೇಳದೆ ಸೆರಗು ಸಿಕ್ಕಿಸಿ ಹೊರಗೆ ನಡೆದಳು. ತಿರುಗಿ ಬರುವಾಗ ಅವಳ ಹಿಂದೆ ಬಸವ್ವ ಇದ್ದಳು.

ಬಸವ್ವ ಹಗ್ಗವನ್ನು ನೋಡಿದಳು, ಯಂತ್ರವನ್ನು ನೋಡಿದಳು, ನನ್ನನ್ನು ಬಹಳ ಹೊತ್ತು ನೋಡಿದಳು.

"ಬಾಯಿ ಮ್ಯಾಲಿರಲಿ, ಹೊಟ್ಟ್ಯಾಗಿರಲಿ, ಇದಕ್ಕ ಕಾಲು ಎಲ್ಲಿ ಅದಾವ್ರಿ ಮಾಸ್ತರ? ನಡೆಮಡಿ ಹಾಸ್ಕೋತ ಅಳಿಯನ ಮುಂದ ಹೆಂಗ ನಡೀತಿತ್ತು?"

ನಾನು ಬಗ್ಗಿ ಯಂತ್ರದ ಬುಡವನ್ನು ನೋಡಿದೆ.

"ಶಾಂತವ್ವನ ಮಾರಿ ನೋಡಿ ಹಾಸ್ತೇನಿ, ನಿಮ್ಮ ಮಾರಿ ನೋಡಿ ಅಲ್ಲ. ಆದರ ನೀವು ಈ ಕೆಂಪ ಕೋಟು ತೊಟ್ಟು ನಿಂತ್ರ ಬೀಗರು ಸ್ವಾಂಗದ ವೇಷದಾಂವ ಬಂದಾನ ಅಂತ ಚಿಲ್ಲರೆ ಒಗಿತಾರ. ತಗೋರಿ, ಇದನ್ನ ಹಾಕ್ಕೋರಿ." ಗಂಟಿನಿಂದ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಕೋಟೊಂದನ್ನು ತೆಗೆದು ಚಾಚಿದಳು.

"ಯಾರದಿದು?"

"ಮೈಮ್ಯಾಲ ಇರೂತನಕ ನಿಮ್ಮದಽ."

ಹಾಕಿಕೊಂಡೆ. ಮರುದಿನ ಹಿರೇಕೆರೂರಿನ ದಿಬ್ಬಣ ಓಣಿಯ ತುದಿಗೆ ಬಂದು ನಿಂತಾಗ ಬಸವ್ವ ಬೆಳ್ಳಗಿನ ಬಟ್ಟೆ ಬೀಸಿ ಹಾಸಿದಳು. ಅಳಿಯ ಕಾಲಿಟ್ಟ. ಹಾಸುತ್ತ, ಎತ್ತುತ್ತ, ಮತ್ತೆ ಹಾಸುತ್ತ ಅವಳು ಹಂದರದವರೆಗೂ ಬಂದಳು. ಬೀಗರ ಹಿರಿಯರು "ಭಾಳ ಸ್ವಚ್ಛ ಮಡಿರಿ" ಎಂದು ಹೊಗಳಿದರು. ಆ ಮಡಿಯಲ್ಲಿ ಊರಿನ ಯಾರ ಯಾರ ಧೋತರಗಳಿದ್ದವೋ, ನಾನು ಕೇಳಲಿಲ್ಲ. ಶಾಂತಾ ನನ್ನ ಕಡೆ ನೋಡಿ ನಕ್ಕಳು. ನನಗೆ ಅಷ್ಟು ಸಾಕಾಗಿತ್ತು.

ಯಂತ್ರದ ಗತಿ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಬಾಗಿಲು ಮತ್ತೆ ಸರಿಯಾಗಿ ಮುಚ್ಚಲೇ ಇಲ್ಲ. ಮುಂದೆ ಅದರೊಳಗೆ ನಮ್ಮ ಬೆಕ್ಕು ಮರಿ ಹಾಕಿತು. "ಉಡಿ ತುಂಬಿದ್ದು ಹುಸಿ ಹೋಗಲಿಲ್ಲ ನೋಡು" ಎಂದು ನೀಲವ್ವತ್ತೆ ಹಿಗ್ಗಿದಳು. ಆದ್ದರಿಂದ ಯಾವ ಬಾಯಿ ಲೇಸು ಎಂದು ಯಾರಾದರೂ ಕೇಳಿದರೆ, ಬಟ್ಟೆಯ ವಿಷಯ ನನಗೆ ತಿಳಿಯದು, ಬೆಕ್ಕಿಗೆ ಮಾತ್ರ ಹೊಟ್ಟೆಬಾಯಿಯೇ ಅನುಕೂಲ ಎಂದು ಖಂಡಿತವಾಗಿ ಹೇಳಬಲ್ಲೆ.

ಆದರೆ ನಾನು ನಿಜವಾಗಿ ಹೌಹಾರಿದ್ದು ಮದುವೆಯ ಊಟದಲ್ಲಿ. ಬೀಗರ ಪಕ್ಕದಲ್ಲಿ ಕೂತು ತಲೆ ಎತ್ತಿದೆ. ಎದುರಿನ ಸಾಲಿನಲ್ಲಿ ನಮ್ಮೂರ ಅಡತಿ ಅಂಗಡಿಯ ಚನ್ನಬಸಪ್ಪನವರು. ಗಿಡ್ಡ, ದುಂಡನೆಯ ಮನುಷ್ಯ. ಎಂದೂ ಕೋಟಿಲ್ಲದೆ ಹೊರಬೀಳದವರು ಅಂದು ಅಂಗಿಯ ಮೇಲೆ ಶಾಲು ಹೊದ್ದು ಬಂದಿದ್ದರು. ಅವರು ನನ್ನ ಎಲೆಯನ್ನು ನೋಡುತ್ತಿರಲಿಲ್ಲ, ಮುಖವನ್ನೂ ನೋಡುತ್ತಿರಲಿಲ್ಲ. ಎದೆಯ ಮೇಲಿನ ಮೂರನೆಯ ಗುಂಡಿಯನ್ನು ನೋಡುತ್ತಿದ್ದರು. ನಾನೂ ನೋಡಿಕೊಂಡೆ. ಉಳಿದವೆಲ್ಲ ಬಿಳಿಯವು, ಅದೊಂದು ಹಿತ್ತಾಳೆಯದು. ಅಷ್ಟರಲ್ಲಿ ನನ್ನ ಎಲೆಗೆ ಹುಗ್ಗಿ ಬಂತು, ತುಪ್ಪವೂ ಬಂತು.

"ಕೋಟು ಭಾಳ ಚಲೋ ಐತ್ರಿ ಮಾಸ್ತರ," ಎಂದರು ಚನ್ನಬಸಪ್ಪನವರು, ಬೀಗರಿಗೂ ಕೇಳುವ ಹಾಗೆ. "ಎಲ್ಲಿ ಹೊಲಿಸಿದ್ರಿ?"

ನಲವತ್ತು ವರ್ಷ ಹುಡುಗರಿಗೆ ಸತ್ಯ ಹೇಳಬೇಕೆಂದು ಕಲಿಸಿದ ಬಾಯಿ ತಾನಾಗಿಯೇ ತೆರೆಯಿತು.

"ಹುಬ್ಬಳ್ಳ್ಯಾಗ್ರೀ. ತೋಳು ಒಂಚೂರು ಗಿಡ್ಡ ಆತು. ಸಿಂಪಿಗ್ಯಾ ಮಾತ ಕೇಳ್ಲಿಲ್ಲ."